ಚಿಕ್ಕಮ್ಮನ ಓಡು ಪಕ್ಷ, ಉಣ್ಣು ಪಕ್ಷ

ನಮ್ಮ ಚಿಕ್ಕಮ್ಮನ ಮುಂದೆ ಸುಳ್ಳು ಹೇಳಿ ದಕ್ಕಿಸಿಕೊಂಡವರು ನಮ್ಮ ಇಡೀ ಬಂಧುಬಳಗದಲ್ಲಿ ಒಬ್ಬರೂ ಇಲ್ಲ. ಅದೇನೂ ದೈವಶಕ್ತಿಯಲ್ಲ. ನೀವು ಮಾತಾಡುತ್ತಿರುವಾಗ ಅವರು ನಿಮ್ಮ ಮಾತನ್ನು ಕೇಳಿಸಿಕೊಳ್ಳುವುದೇ ಇಲ್ಲ. ನಿಮ್ಮ ಕಣ್ಣಿನ ಪಾಪೆ ಎಷ್ಟು ಅಗಲವಾಗಿದೆ, ಕತ್ತಿನ ಪಕ್ಕದ ನಾಳ ಎಷ್ಟು ಜೋರಾಗಿ ಬಡಿಯುತ್ತಿದೆ, ಮೇಲ್ದುಟಿಯ ಮೇಲೆ ಬೆವರು ಮೂಡಿದೆಯೇ, ಇಷ್ಟನ್ನೇ ನೋಡುತ್ತಿರುತ್ತಾರೆ. ಹೀಗೆ ನೋಡಿಸಿಕೊಂಡು ಯಾರು ತಾನೇ ನೆಮ್ಮದಿಯಾಗಿ ಸುಳ್ಳು ಹೇಳಿಯಾರು? ನಿಜ ಹೇಳುವವರೂ ತೊದಲುತ್ತಾರೆ.

ಚಿಕ್ಕಮ್ಮ ಎಂದರೆ ನನ್ನ ಅಮ್ಮನ ಕೊನೆಯ ತಂಗಿ. ಮೈಸೂರಿನಲ್ಲಿ ವೈದ್ಯಕೀಯ ಓದಿ, ಅರಿವಳಿಕೆ ತಜ್ಞೆಯಾಗಿ, ಮೂವತ್ತರ ಹೊತ್ತಿಗೆ ಆಸ್ಟ್ರೇಲಿಯಾದ ಪರ್ತ್ ಸೇರಿದವರು. ಮದುವೆಯಾಗಲಿಲ್ಲ. ಅದಕ್ಕೂ ನಮ್ಮ ಮನೆಯಲ್ಲಿ ಒಂದು ಕಥೆಯಿದೆ. ಹೆಣ್ಣು ನೋಡಲು ಬಂದ ಹುಡುಗನಿಗೆ ಕಾಫಿ ಕೊಡುವ ನೆಪದಲ್ಲಿ ಅವನ ಮಣಿಕಟ್ಟು ಹಿಡಿದು, ಗಡಿಯಾರ ನೋಡಿಕೊಂಡು, ಒಳಗೆ ಬಂದು ನಮ್ಮಜ್ಜಿಗೆ ಹೇಳಿದರಂತೆ: "ನನ್ನ ನೋಡಿ ಆತನ ನಾಡಿ ಒಂದು ಬಡಿತವೂ ಹೆಚ್ಚಾಗ್ಲಿಲ್ಲಮ್ಮ. ನಂಗೆ ಬೇಡ."

ಈ ಕಥೆ ಹೇಳಿ ನಾನು ಎಷ್ಟು ಪಾರ್ಟಿಗಳಲ್ಲಿ ಜನರನ್ನು ನಗಿಸಿದ್ದೇನೋ ಲೆಕ್ಕವಿಲ್ಲ. ಚಿಕ್ಕಮ್ಮನನ್ನು ನಕಲು ಮಾಡುವುದು ನನ್ನ ಹೆಸರುವಾಸಿ ಐಟಂ ಆಗಿತ್ತು. ಈಗ ಯಾರಾದರೂ ಕೇಳಿದರೆ ಮಾತು ತಪ್ಪಿಸುತ್ತೇನೆ.

ಕೆಲಸ ಹುಡುಕಿಕೊಂಡು ನಾನು ಮೊದಲು ಬಂದಿಳಿದದ್ದು ಅವರ ಮನೆಗೇ. ಪರ್ತ್ ಹೊರವಲಯದ ಜೂಂಡಲಪ್‌ನಿಂದ ಕಾರಿನಲ್ಲಿ ಹತ್ತು ನಿಮಿಷ. ಪಕ್ಕದ ಮನೆಯಲ್ಲಿ ಫಿಲೋಮಿನಾ ಆಂಟಿ. ಅವರೂ ಮೈಸೂರಿನವರೇ, ನರ್ಸ್ ಆಗಿದ್ದು ನಿವೃತ್ತರಾದವರು, ಪರ್ತ್‌ನಲ್ಲಿ ಚಿಕ್ಕಮ್ಮನಿಗಿದ್ದ ಒಬ್ಬರೇ ಆಪ್ತ ಸ್ನೇಹಿತೆ. ನನ್ನ ಮೊದಲ ಇಂಟರ್‌ವ್ಯೂ ನೆಲಕಚ್ಚಿದ ದಿನ ನಾನು ಮನೆಗೆ ಬಂದಾಗ ಇಬ್ಬರೂ ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದರು.

"ಹೇಗಾಯ್ತೋ?" ಎಂದರು ಚಿಕ್ಕಮ್ಮ.

"ಚೆನ್ನಾಗಾಯ್ತು."

ಅವರು ಅಭಿನಂದಿಸುವವರಂತೆ ನನ್ನ ಕೈ ಕುಲುಕಿದರು. ಆಮೇಲೆ ಬಿಡಲೇ ಇಲ್ಲ.

"ಎಸಿ ರೈಲಲ್ಲಿ ಅರ್ಧ ಗಂಟೆ ಕೂತು ಬಂದವನ ಅಂಗೈ ಯಾಕೋ ಇಷ್ಟು ಒದ್ದೆ ಇದೆ? ಕೈ ತೊಳ್ಕೊಂಡು ಊಟ ಮಾಡು. ನಿಜ ಆಮೇಲೆ ಹೇಳು."

"ನಿಜ ಈಗಲೇ ಹೇಳ್ಬಿಡ್ಲಿ, ಪಾಪ," ಎಂದರು ಫಿಲೋಮಿನಾ ಆಂಟಿ.

"ಊಟಕ್ಕೆ ಮುಂಚೆ ಬೇಡ. ಜೀರ್ಣ ಆಗಲ್ಲ."

ಊಟವಾದ ಮೇಲೆ ನಾನು ನಿಜ ಹೇಳಿದೆ. ಅವರು ಸಮಾಧಾನ ಹೇಳಲಿಲ್ಲ, ಪಾಠ ಮಾಡಿದರು.

"ನಿನ್ನ ದೇಹದೊಳಗೆ ನಿನ್ನ ಮಾತು ಕೇಳದ ಒಂದು ಸರ್ಕಾರ ಇದೆ. ಕೈ ಎತ್ತು ಅಂದ್ರೆ ಎತ್ತುತ್ತಲ್ಲ, ಅದು ಬೇರೆ ಇಲಾಖೆ. ಹೃದಯಕ್ಕೆ ಸ್ವಲ್ಪ ನಿಲ್ಲು ಅನ್ನು ನೋಡೋಣ. ಬೆವರಿಗೆ ಬರಬೇಡ ಅನ್ನು. ಕೇಳುತ್ತಾ? ಇದು ಆಟೊನಾಮಿಕ್ ನರ್ವಸ್ ಸಿಸ್ಟಮ್. ಇದರಲ್ಲಿ ಎರಡು ಪಕ್ಷ. ಒಂದು ಓಡು ಪಕ್ಷ. ಹುಲಿ ಕಂಡ ತಕ್ಷಣ ಎದೆಬಡಿತ ಜೋರು, ಉಸಿರು ಜೋರು, ಪಾಪೆ ಅಗಲ, ಬಾಯಿ ಒಣಗುತ್ತೆ, ಹೊಟ್ಟೆ ಕೆಲಸ ಬಂದ್. ಇನ್ನೊಂದು ಉಣ್ಣು ಪಕ್ಷ. ಹುಲಿ ಹೋಯ್ತು, ಕೂತ್ಕೋ, ಉಣ್ಣು, ಮಲ್ಕೋ ಅನ್ನುತ್ತೆ. ನಿನ್ನ ಓಡು ಪಕ್ಷಕ್ಕೆ ಇಂಟರ್‌ವ್ಯೂಗೂ ಹುಲಿಗೂ ವ್ಯತ್ಯಾಸ ಗೊತ್ತಿಲ್ಲ. ಅಷ್ಟೇ ನಿನ್ನ ಸಮಸ್ಯೆ."

"ಒಟ್ಟಿನಲ್ಲಿ ಸಮ್ಮಿಶ್ರ ಸರ್ಕಾರ," ಎಂದೆ.

"ಹೂಂ. ಆದ್ರೆ ನಮ್ಮೂರಿನ ಥರದ್ದಲ್ಲ. ಹುಟ್ಟಿದಾಗಿಂದ ಒಂದು ದಿನ ರಜೆ ಇಲ್ಲದೆ ನಡೀತಾ ಇರುತ್ತೆ."

ಪುಸ್ತಕದಲ್ಲಿ ಈ ಪಕ್ಷಗಳಿಗೆ ಸಿಂಪಥೆಟಿಕ್, ಪ್ಯಾರಾಸಿಂಪಥೆಟಿಕ್ ಎಂಬ ಹೆಸರುಗಳಿವೆಯಂತೆ. ಚಿಕ್ಕಮ್ಮನ ಮನೆಯಲ್ಲಿ ಎರಡು ವಾರ ಇದ್ದವರಿಗೆ ಆ ಹೆಸರುಗಳು ಮರೆತುಹೋಗುತ್ತವೆ.

ಆ ಪಕ್ಷಗಳ ವಕ್ತಾರಿಕೆ ಅವರ ಮನೆಗೆ ಮಾತ್ರ ಸೀಮಿತವಾಗಿರಲಿಲ್ಲ. ಒಂದು ಭಾನುವಾರ ಕನ್ನಡದವರೆಲ್ಲ ಸೇರಿ ಪಾರ್ಕಿನಲ್ಲಿ ಬಾರ್ಬಿ, ಎಂದರೆ ಬಾರ್ಬೆಕ್ಯೂ ಊಟ, ಇಟ್ಟುಕೊಂಡಿದ್ದರು. ಒಬ್ಬ ಡಾಕ್ಟರ್ ಅಂಕಲ್ ಕ್ರಿಕೆಟ್ ತಂಡದ ಆಯ್ಕೆಯ ಬಗ್ಗೆ ಯಾರೊಂದಿಗೋ ಮುಖ ಕೆಂಪಗೆ ಮಾಡಿಕೊಂಡು ವಾದಿಸುತ್ತ, ನಡುನಡುವೆ ಜೋಳದ ತೆನೆ ಕಡಿಯುತ್ತಿದ್ದರು. ಚಿಕ್ಕಮ್ಮ ಸೀದಾ ಹೋಗಿ ಅವರ ಕೈಯಿಂದ ತಟ್ಟೆ ಕಿತ್ತುಕೊಂಡರು.

"ನಿಮ್ಮ ಉಣ್ಣು ಪಕ್ಷ ಸಭಾತ್ಯಾಗ ಮಾಡಿ ಹತ್ತು ನಿಮಿಷ ಆಯ್ತು. ಈಗ ತಿಂದದ್ದೆಲ್ಲ ಹೊಟ್ಟೇಲಿ ಕಲ್ಲಿನ ಥರ ಕೂರುತ್ತೆ. ವಾದ ಮುಗಿಸಿ ಬನ್ನಿ, ತಟ್ಟೆ ಇಲ್ಲೇ ಇರುತ್ತೆ."

ಅಂಕಲ್ ವಾದ ಗೆದ್ದು ಬರುವಷ್ಟರಲ್ಲಿ ಅವರ ತಟ್ಟೆಯನ್ನು ಸೀಗಲ್ ಹಕ್ಕಿಗಳು ಖಾಲಿ ಮಾಡಿದ್ದವು. ಅವರು ಮುಂದಿನ ಆರು ತಿಂಗಳು ಚಿಕ್ಕಮ್ಮನೊಡನೆ ಮಾತಾಡಲಿಲ್ಲ. ಅವರ ಹೆಂಡತಿ ಮಾತ್ರ ಮಾರನೆಯ ದಿನ ಫೋನ್ ಮಾಡಿ ಧನ್ಯವಾದ ಹೇಳಿದರಂತೆ. ಮನೆಯಲ್ಲೂ ಹೀಗೇ ಮಾಡಲು ಬರಬೇಕೆಂದು ಕರೆದರಂತೆ.

ನಗುವುದು ಸುಲಭ. ಆದರೆ ನನ್ನ ಬದುಕು ನೆಟ್ಟಗಾದದ್ದೂ ಆ ಹುಚ್ಚಿನಿಂದಲೇ. ಬ್ರಿಸ್ಬೇನ್‌ನ ಕಂಪನಿಯೊಂದು ಇಂಟರ್‌ವ್ಯೂಗೆ ಕರೆದಾಗ, ವೀಡಿಯೊ ಶುರುವಾಗುವ ಮುಂಚೆ ಚಿಕ್ಕಮ್ಮ ನನ್ನ ಪಕ್ಕ ಕುಳಿತು ಉಸಿರನ್ನು ನಿಧಾನವಾಗಿ ಹೊರಬಿಡುವುದನ್ನು ಹೇಳಿಕೊಟ್ಟರು. "ಉಸಿರು ಎಳ್ಕೊಂಡಾಗ ನಾಡಿ ಓಡುತ್ತೆ, ಬಿಟ್ಟಾಗ ನಡೆಯುತ್ತೆ. ಆ ಸರ್ಕಾರಕ್ಕೆ ನೀನು ಅರ್ಜಿ ಹಾಕ್ಬಹುದಾದ ಕಿಟಕಿ ಇದೊಂದೇ ಕಣೋ." ಆ ದಿನ ಅವರು ರಜೆ ಹಾಕಿದ್ದರು. ಬಾಗಿಲ ಹೊರಗೆ ಒಂದು ಗಂಟೆ ನಿಂತಿದ್ದರು ಎಂದು ಫಿಲೋಮಿನಾ ಆಂಟಿ ಆಮೇಲೆ ಹೇಳಿದರು. ಆಗ ಅವರು ಒಂದು ಗಂಟೆ ನಿಲ್ಲಬಲ್ಲವರಾಗಿದ್ದರು.

ಕೆಲಸ ಸಿಕ್ಕಿತು. ಬ್ರಿಸ್ಬೇನ್ ನಗರದ ಫೋರ್ಟಿಟ್ಯೂಡ್ ವ್ಯಾಲಿಯಲ್ಲಿ ಆಫೀಸು. ಸುಧಾಳನ್ನು ಮದುವೆಯಾದೆ, ಫಾರೆಸ್ಟ್ ಲೇಕ್‌ನಲ್ಲಿ ಮನೆ ಮಾಡಿದೆವು, ಅನ್ವಿ ಹುಟ್ಟಿದಳು. ಚಿಕ್ಕಮ್ಮನಿಗೆ ವಾರಕ್ಕೊಮ್ಮೆ ಮಾಡುತ್ತಿದ್ದ ಫೋನು ತಿಂಗಳಿಗೊಮ್ಮೆಯಾಯಿತು. ಯಾವ ಜಗಳವೂ ಇರಲಿಲ್ಲ. ನಾನು ಸುಖವಾಗಿದ್ದೆ, ಅಷ್ಟೇ.

ಎರಡು ವರ್ಷದ ಹಿಂದೆ, ಫೆಬ್ರವರಿಯ ಬೇಸಿಗೆಯಲ್ಲಿ, ಅವರು ಬ್ರಿಸ್ಬೇನ್‌ಗೆ ಬಂದರು. ಕೆಲಸದಿಂದ ನಿವೃತ್ತರಾಗಿ ಆಗಷ್ಟೇ ಒಂದು ವರ್ಷವಾಗಿತ್ತು. ಸಂಜೆ ಎಲ್ಲರೂ ಮನೆ ಹತ್ತಿರದ ಕೆರೆ ಸುತ್ತಲು ಹೊರಟೆವು. ನಾವು ಮೂವರೂ ಬೆವರಿ ತೊಪ್ಪೆಯಾಗಿದ್ದೆವು. ಚಿಕ್ಕಮ್ಮನ ಹಣೆಯ ಮೇಲೆ ಒಂದು ಹನಿಯೂ ಇರಲಿಲ್ಲ.

"ನೋಡಿ ಕಲಿ," ಎಂದೆ ಸುಧಾಗೆ. "ಪರ್ತ್ ಬಿಸಿಲಲ್ಲಿ ಪಳಗಿದ ಚರ್ಮ."

ಚಿಕ್ಕಮ್ಮ ನಗಲಿಲ್ಲ. ಸ್ವಲ್ಪ ದೂರ ನಡೆದು ನಿಂತರು. ನಿಂತವರು ಒಂದು ಕಾಲಿಗೆ ಇನ್ನೊಂದನ್ನು ಅಡ್ಡವಾಗಿ ಹೆಣೆದು, ತೊಡೆಗಳನ್ನು ಬಿಗಿಹಿಡಿದುಕೊಂಡರು.

"ಕೊಳಲಿಲ್ಲದ ಕೃಷ್ಣ," ಎಂದೆ. ಸುಧಾ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು.

"ಅಜ್ಜಿ, ವೈ ಆರ್ ಯು ಸ್ಟ್ಯಾಂಡಿಂಗ್ ಲೈಕ್ ದಟ್?" ಎಂದು ಅನ್ವಿ ಕೇಳಿದಳು. ಅವಳಿಗೆ ಆಗ ಒಂಬತ್ತು ವರ್ಷ. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷ್.

"ನಿಂತ್ಕೊಂಡಾಗ ರಕ್ತ ಎಲ್ಲ ಕಾಲಿಗೆ ಇಳಿದುಬಿಡುತ್ತೆ ಪುಟ್ಟಿ. ಒಂದು ದೊಡ್ಡ ಚೊಂಬಿನಷ್ಟು. ನಿನ್ನ ದೇಹದಲ್ಲಿ ಓಡು ಪಕ್ಷದವರು ತಕ್ಷಣ ರಕ್ತನಾಳ ಬಿಗಿ ಮಾಡಿ ಅದನ್ನ ಮೇಲಕ್ಕೆ ಕಳಿಸ್ತಾರೆ. ನಿಂಗೆ ಗೊತ್ತೇ ಆಗಲ್ಲ. ನನ್ನವರು ಸ್ವಲ್ಪ ಸೋಮಾರಿಗಳಾಗಿದ್ದಾರೆ. ಅದಕ್ಕೆ ಕಾಲಿಂದ ಹಿಂಡಿ ಕಳಿಸ್ತಿದ್ದೀನಿ."

ಅನ್ವಿ ಗಂಭೀರವಾಗಿ ತಲೆಯಾಡಿಸಿ, ತಾನೂ ಹಾಗೇ ಕಾಲು ಹೆಣೆದು ಅವರ ಪಕ್ಕ ನಿಂತಳು. ನಮ್ಮ ಮೂವರಲ್ಲಿ ಅವರ ಮಾತನ್ನು ನಂಬಿದವಳು ಅವಳೊಬ್ಬಳೇ.

ಆ ಪ್ರವಾಸದಲ್ಲಿ ಅವರು ಮೀನು-ಚಿಪ್ಸ್ ಅಂಗಡಿಯ ಉಪ್ಪಿನ ಪೊಟ್ಟಣ ಹರಿದು ಬಾಯಿಗೆ ಸುರಿದುಕೊಂಡದ್ದನ್ನೂ, ಶಾಪಿಂಗ್ ಸೆಂಟರ್‌ನ ಕ್ಯೂನಲ್ಲಿ ಏಕಾಏಕಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತದ್ದನ್ನೂ ಕಂಡೆ. ಕಂಡೆ ಎಂದರೆ, ಗೆಳೆಯರಿಗೆ ಹೇಳಲು ಹೊಸ ಸರಕು ಸಿಕ್ಕಿತೆಂದು ಜೋಡಿಸಿಟ್ಟುಕೊಂಡೆ. ಕೆಲವು ತಿಂಗಳ ನಂತರ ಅವರೇ ಫೋನ್ ಮಾಡಿ, "ಬೆಳಗ್ಗೆ ಎದ್ದು ನಿಂತ್ರೆ ಪ್ರಪಂಚ ಎಲ್ಲ ಬೂದು ಬಣ್ಣ ಆಗಿಬಿಡುತ್ತೆ ಕಣೋ. ಕತ್ತು, ಭುಜ ಎಲ್ಲ ಹಿಡ್ಕೊಳ್ಳುತ್ತೆ," ಎಂದರು.

"ನಿಮ್ಮ ಓಡು ಪಕ್ಷ ರಾಜೀನಾಮೆ ಕೊಟ್ಟಿರಬೇಕು, ಚಿಕ್ಕಮ್ಮ," ಎಂದೆ ನಾನು.

ಅವರು ನಕ್ಕರು. ನಾನೂ ನಕ್ಕು, ಮೀಟಿಂಗ್ ಇದೆ ಎಂದು ಫೋನಿಟ್ಟೆ. ಮೀಟಿಂಗ್ ಇರಲಿಲ್ಲ.

ಇನ್ನು ಅಡಿಲೇಡ್‌ನ ವಿಷಯ. ಹೇಳದೆ ಬಿಡಬಹುದಿತ್ತು, ಆದರೆ ಇದನ್ನು ಬರೆಯಲು ಕುಳಿತದ್ದೇ ಅದಕ್ಕಾಗಿ.

ಅಡಿಲೇಡ್‌ನಲ್ಲಿ ನನ್ನ ಅಕ್ಕ ಇದ್ದಾಳೆ. ಕಳೆದ ಜನವರಿಯಲ್ಲಿ ಅವಳ ಮಗಳ ಮದುವೆ. ಭಾವ ತೀರಿಕೊಂಡಿರುವುದರಿಂದ ಓಡಾಟವೆಲ್ಲ ನನ್ನದೇ. ಆ ದಿನ ಒಣ ಬಿಸಿಗಾಳಿ ಬೀಸುತ್ತಿತ್ತು, ಸಭಾಂಗಣದ ಎಸಿ ಏದುಸಿರು ಬಿಡುತ್ತಿತ್ತು. ನಮ್ಮ ಕಡೆಯ ಹಿರಿಯರೆಂದರೆ ಚಿಕ್ಕಮ್ಮ ಒಬ್ಬರೇ. ಧಾರೆಯ ಹೊತ್ತಿಗೆ ಅವರು ಅಕ್ಕನ ಪಕ್ಕ ನಿಲ್ಲಬೇಕು ಎಂದು ಮೊದಲೇ ಮಾತಾಗಿತ್ತು. ಬೆಳಗ್ಗೆ ಅವರು ನನ್ನನ್ನು ಪಕ್ಕಕ್ಕೆ ಕರೆದರು.

"ಮಂಟಪದ ಪಕ್ಕ ನಂಗೊಂದು ಕುರ್ಚಿ ಹಾಕ್ಸಿಬಿಡು. ಇತ್ತೀಚೆಗೆ ನಿಲ್ಲೋಕಾಗಲ್ಲ."

"ಆಯ್ತು ಚಿಕ್ಕಮ್ಮ," ಎಂದೆ. ಕುರ್ಚಿಯನ್ನೂ ಹಾಕಿಸಿದೆ. ಆದರೆ ಧಾರೆಗೆ ಮುಂಚೆ ಫೋಟೊಗ್ರಾಫರ್ ಬಂದು ಆ ನೀಲಿ ಪ್ಲಾಸ್ಟಿಕ್ ಕುರ್ಚಿ ಪ್ರತಿ ಫ್ರೇಮಿನಲ್ಲೂ ಬರುತ್ತಿದೆ ಎಂದು ಗೊಣಗಿದ. ನಾನೇ ಹೋಗಿ ಎತ್ತಿಕೊಂಡು ಬಂದು ಕಂಬದ ಹಿಂದೆ ಇಟ್ಟೆ. ಹತ್ತು ನಿಮಿಷ ತಾನೇ ಎಂದುಕೊಂಡೆ.

ಹತ್ತು ನಿಮಿಷ ಇಪ್ಪತ್ತಾಯಿತು. ಪುರೋಹಿತರು ಗೋತ್ರ ಪ್ರವರಗಳನ್ನು ಹೇಳುತ್ತಿದ್ದರು. ಎಲ್ಲರೂ ಅಕ್ಷತೆ ಹಿಡಿದು ನಿಂತಿದ್ದರು. ಆಗ ಚಿಕ್ಕಮ್ಮ, ರೇಷ್ಮೆ ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಹಿಡಿದು, ಮೊದಲು ಕುಕ್ಕರುಗಾಲಲ್ಲಿ ಕುಳಿತರು. ಆಮೇಲೆ ನೆಲದ ಮೇಲೆ ಅಂಗಾತ ಮಲಗಿದರು. ಎರಡೂ ಕಾಲುಗಳನ್ನೆತ್ತಿ ಮಂಟಪದ ಮೆಟ್ಟಿಲ ಮೇಲಿಟ್ಟರು.

ಪುರೋಹಿತರ ಮಂತ್ರ ನಿಂತಿತು. ಗಂಡಿನ ಕಡೆಯವರೊಬ್ಬರು, "ಏನಾದ್ರೂ ತಗೊಂಡಿದ್ದಾರಾ ಹೇಗೆ?" ಎಂದು ಪಿಸುಗುಟ್ಟಿದ್ದು ನನಗೆ ಕೇಳಿಸಿತು. ಹಿಂದೆ ಯಾರೋ ಕಿಸಕ್ಕೆಂದರು. ನನ್ನ ಮುಖ ಕಾದ ಹಂಚಾಯಿತು. ನಾನು ಬಗ್ಗಿ, ಹಲ್ಲು ಕಚ್ಚಿಕೊಂಡು ಹೇಳಿದೆ:

"ಚಿಕ್ಕಮ್ಮ, ಇವತ್ತೊಂದಿನ ನಿಮ್ಮ ಪಾಠ ಬೇಡ. ನಿಮಗೆ ಎಲ್ಲಿ ಹೋದ್ರೂ ಎಲ್ಲರೂ ನಿಮ್ಮನ್ನೇ ನೋಡ್ಬೇಕು, ಅಲ್ವಾ? ಎದ್ದೇಳಿ. ಅಕ್ಕನ ಮಾನ ಕಳೀಬೇಡಿ."

ಅವರು ಕೆಳಗಿನಿಂದ ನನ್ನನ್ನು ನೋಡಿದರು. ಮುಖ ಕೆಂಪಾಗಲಿಲ್ಲ, ತುಟಿ ನಡುಗಲಿಲ್ಲ. ಎಂಥ ಗಟ್ಟಿ ಹೆಂಗಸು, ಚೂರೂ ನಾಚಿಕೆಯಿಲ್ಲ ಎಂದುಕೊಂಡೆ. ಒಂದೆರಡು ನಿಮಿಷದ ನಂತರ ಅವರು ಕಂಬ ಹಿಡಿದು ಮೆಲ್ಲಗೆ ಎದ್ದು, ಕೊನೆಯ ಸಾಲಿಗೆ ಹೋಗಿ ಕುಳಿತರು. ಮದುವೆಯ ಫೋಟೊಗಳಲ್ಲಿ ಅವರು ಎಲ್ಲೂ ಇಲ್ಲ. ಆ ಸಂಜೆಯೇ ಪರ್ತ್‌ಗೆ ಹೊರಟುಹೋದರು.

ನಾನು ಫೋನ್ ಮಾಡಲಿಲ್ಲ. ತಪ್ಪು ಅವರದು, ಅವರೇ ಮಾಡಲಿ ಎಂದು ಹಟ. ಒಂದು ತಿಂಗಳಾದ ಮೇಲೆ ಹಟ ಇಳಿಯಿತು, ಆದರೆ ಅಷ್ಟು ಹೊತ್ತಿಗೆ ಏನೆಂದು ಶುರು ಮಾಡುವುದು ಎಂಬ ಸಂಕೋಚ. ಹೀಗೇ ಐದು ತಿಂಗಳು ಕಳೆಯಿತು.

ಜೂನ್‌ನಲ್ಲಿ ಫಿಲೋಮಿನಾ ಆಂಟಿಯ ಫೋನ್ ಬಂತು.

"ನಿನ್ನ ಚಿಕ್ಕಮ್ಮ ಹಿತ್ತಲಲ್ಲಿ ಬಿದ್ದು ಬಲಗೈ ಮುರ್ಕೊಂಡಿದ್ದಾಳೆ. ನಿನಗೆ ಹೇಳಬೇಡ ಅಂದಿದ್ಲು. ನಾನು ಹೇಳ್ತಿದ್ದೀನಿ."

"ಹೇಗೆ ಬಿದ್ರು ಆಂಟಿ?"

"ಹೇಗೆ ಅಂದ್ರೆ? ನಿಂತ್ರೆ ಬಿಪಿ ಪಾತಾಳಕ್ಕೆ ಇಳಿಯುತ್ತೆ, ಬೀಳ್ತಾಳೆ. ಫೆಬ್ರವರೀಲೇ ಟೆಸ್ಟ್ ಮಾಡಿ ಹೇಳಿದ್ರಲ್ಲ, ಆಟೊನಾಮಿಕ್ ಫೇಲ್ಯೂರ್ ಅಂತ. ಆ ನರಗಳೇ ಸಾಯ್ತಾ ಬರ್ತಿವೆ. ನಿನಗೆ ಗೊತ್ತಿಲ್ವಾ? ಅಡಿಲೇಡ್‌ನಲ್ಲಿ ಎಲ್ಲರೆದುರು ಪ್ರಜ್ಞೆ ತಪ್ಪಿ ಬೀಳಬಾರದು ಅಂತ ನಾನೇ ಮಲಗಿಬಿಟ್ಟೆ, ಮದುವೆ ಕೆಡಲಿಲ್ಲ ಪುಣ್ಯ ಅಂತ ಹೇಳಿದ್ಲು ನನ್ನ ಹತ್ರ. ನೀನು ಅಲ್ಲೇ ಇದ್ದೆಯಲ್ಲ."

ನಾನು ಅಲ್ಲೇ ಇದ್ದೆ.

ಮಾರನೆಯ ದಿನ ಪರ್ತ್‌ಗೆ ಹೋದೆ. ಚಿಕ್ಕಮ್ಮ ಕಿಟಕಿಯ ಪಕ್ಕದ ಒರಗುಕುರ್ಚಿಯಲ್ಲಿದ್ದರು. ಬಲಗೈಗೆ ಪ್ಲಾಸ್ಟರ್, ಕಾಲಿಗೆ ತೊಡೆಯವರೆಗೆ ಬಿಗಿಯಾದ ಸ್ಟಾಕಿಂಗ್ಸ್. ಮಂಚದ ತಲೆಭಾಗವನ್ನು ಇಟ್ಟಿಗೆ ಕೊಟ್ಟು ಎತ್ತರಿಸಿದ್ದರು. ತುಂಬ ಸಣ್ಣಗಾಗಿದ್ದರು.

"ಬಾರೋ," ಎಂದರು, ನಿನ್ನೆ ತಾನೇ ನೋಡಿದವರ ಹಾಗೆ. "ಜೀವಮಾನ ಪೂರ್ತಿ ಜನಕ್ಕೆ ಉಪ್ಪು ಬಿಡಿ ಅಂದೆ. ಈಗ ನಮ್ಮ ಡಾಕ್ಟರು ನಂಗೆ ಉಪ್ಪು ತಿನ್ನಿ ಅಂತ ಚೀಟಿ ಬರ್ಕೊಟ್ಟಿದ್ದಾನೆ. ಫಿಲೋಮಿನಾಗೆ ಹೊಟ್ಟೆಕಿಚ್ಚು. ಅವಳಿಗೆ ಬಿಪಿ ಜಾಸ್ತಿ, ಉಪ್ಪಿನಕಾಯಿ ಮುಟ್ಟೋ ಹಾಗಿಲ್ಲ."

ನನಗೆ ನಗು ಬರಲಿಲ್ಲ. ವಿಮಾನದಲ್ಲಿ ಐದಾರು ಗಂಟೆ ಜೋಡಿಸಿಕೊಂಡಿದ್ದ ಮಾತುಗಳನ್ನೆಲ್ಲ ಬಿಟ್ಟು ಸೀದಾ ಹೇಳಿಬಿಟ್ಟೆ.

"ಚಿಕ್ಕಮ್ಮ, ಆ ಕುರ್ಚಿ ತೆಗೆದಿದ್ದು ನಾನೇ."

"ಗೊತ್ತು. ನೋಡ್ತಾ ಇದ್ದೆ."

"ಮತ್ತೆ ಯಾಕೆ ಕೇಳ್ಲಿಲ್ಲ?"

"ಫೋಟೊ ಚೆನ್ನಾಗಿ ಬರ್ಲಿ ಅಂತ ನೀನು ಅಷ್ಟು ಒದ್ದಾಡ್ತಿದ್ದೆ. ಹೇಗೋ ನಿಂತುಬಿಡ್ತೀನಿ ಅಂದ್ಕೊಂಡೆ."

ಅವರೇ ಮುಂದುವರಿಸಿದರು.

"ನಿಂಗೊಂದು ವಿಷಯ ಹೇಳ್ತೀನಿ ಕೇಳು. ನೀನು ಅವತ್ತು ಬೈದೆಯಲ್ಲ, ಆಗ ನಂಗೆ ಎದೆ ಹೊಡ್ಕೋಬೇಕಿತ್ತು. ಮುಖ ಬಿಸಿ ಆಗ್ಬೇಕಿತ್ತು. ಏನೂ ಆಗ್ಲಿಲ್ಲ. ಕೊನೇ ಸಾಲಲ್ಲಿ ಕೂತು ನನ್ನ ನಾಡಿ ನಾನೇ ಹಿಡಿದು ನೋಡ್ದೆ. ಎಪ್ಪತ್ತೆರಡು. ತಣ್ಣಗೆ ಕೂತಾಗ ಎಷ್ಟಿರುತ್ತೋ ಅಷ್ಟೇ. ದುಃಖ ಮಾತ್ರ ಪೂರ್ತಿ ಇತ್ತು ಕಣೋ. ಅದಕ್ಕೆ ಜೊತೆ ಕೊಡೋಕೆ ದೇಹ ಬರ್ಲೇ ಇಲ್ಲ. ಅಲ್ಲಿ ತನಕ ವಯಸ್ಸು, ನೀರು ಸಾಲದು, ಅದು ಇದು ಅಂತ ನಾನೂ ತಳ್ಳಿಹಾಕ್ತಿದ್ದೆ. ಡಾಕ್ಟರುಗಳು ತಮ್ಮ ವಿಷಯದಲ್ಲಿ ಅಷ್ಟೇ. ಆ ಎಪ್ಪತ್ತೆರಡು ನೋಡಿದ ಮೇಲೆ ಸುಳ್ಳು ಹೇಳ್ಕೊಳ್ಳೋಕೆ ಆಗ್ಲಿಲ್ಲ. ಊರಿಗೆ ಬಂದವಳೇ ಟೆಸ್ಟ್‌ಗೆ ಬರೆಸ್ಕೊಂಡೆ. ಆ ಲೆಕ್ಕದಲ್ಲಿ ನಿನಗೇ ಥ್ಯಾಂಕ್ಸ್ ಹೇಳ್ಬೇಕು."

ಹೇಳಿ ನಕ್ಕರು. ನನ್ನ ಅಪರಾಧವನ್ನು ಹಗುರ ಮಾಡಲು ಹೀಗೆ ಹೇಳಿದರೋ, ನಿಜವಾಗಿಯೂ ಹಾಗೇ ಆಯಿತೋ, ನನಗೆ ಇಂದಿಗೂ ತಿಳಿಯದು. ಅವರ ಮುಖ ನೋಡಿ ಹೇಳುವ ವಿದ್ಯೆ ನನಗೆ ಬರುವುದಿಲ್ಲ.

"ಫೋನಾದ್ರೂ ಮಾಡ್ಬಹುದಿತ್ತು ನೀವು," ಎಂದೆ.

"ನೀನು ಮಾಡ್ತೀಯ ಅಂತ ಕಾದೆ."

ಇದು ವಾಸಿಯಾಗುವ ಕಾಯಿಲೆಯಲ್ಲ. ನಿಧಾನದ್ದು, ಇಟ್ಟುಕೊಂಡೇ ಬದುಕಬೇಕು ಎಂದಿದ್ದಾರೆ ಡಾಕ್ಟರು. ಎರಡು ವರ್ಷ ಮುಂಚೆ ತಿಳಿದಿದ್ದರೂ ಅದೇನೂ ನಿಲ್ಲುತ್ತಿರಲಿಲ್ಲವಂತೆ. ಆದರೆ ಅಷ್ಟು ದಿನ ಅವರು ಒಬ್ಬರೇ ಬೀಳುತ್ತ ಏಳುತ್ತ ಇರಬೇಕಾಗಿರಲಿಲ್ಲ.

ಮಧ್ಯಾಹ್ನ ಫಿಲೋಮಿನಾ ಆಂಟಿ ಚರ್ಚಿಗೆ ಹೋದರು. ಹೋಗುವಾಗ ಒಂದು ಪುಟ್ಟ ಬಾಟಲಿ ನನ್ನ ಕೈಗಿಟ್ಟು, "ಎರಡು ಗಂಟೆಗೆ ಒಂದೊಂದು ಕಣ್ಣಿಗೆ ಎರಡೆರಡು ಹನಿ ಹಾಕು. ಅವಳಿಗೆ ಎಡಗೈಲಿ ಬರಲ್ಲ," ಎಂದರು.

"ಕಣ್ಣಿಗೆ ಏನಾಗಿದೆ?" ಎಂದು ಚಿಕ್ಕಮ್ಮನನ್ನು ಕೇಳಿದೆ.

"ಏನೂ ಇಲ್ಲ. ನೀರು ಬರೋದು ನಿಂತುಹೋಗಿದೆ. ಅದೂ ಉಣ್ಣು ಪಕ್ಷದವರ ಇಲಾಖೆನೇ."

ಅವರು ತಲೆ ಹಿಂದಕ್ಕೆ ಒರಗಿಸಿದರು. ನಾನು ರೆಪ್ಪೆ ಬಿಡಿಸಿ ಬಾಟಲಿ ಒತ್ತಿದೆ. ಒತ್ತಿದ್ದು ಹೆಚ್ಚಾಗಿ, ಎರಡು ಬೀಳಬೇಕಾದಲ್ಲಿ ನಾಲ್ಕೈದು ಹನಿ ಬಿದ್ದವು. ಅವು ಕಣ್ಣು ತುಂಬಿ, ಕೆನ್ನೆಗಿಳಿದು, ಗಲ್ಲದವರೆಗೆ ಹರಿದವು. ನಾನು ಗಾಬರಿಯಿಂದ ಟಿಶ್ಯೂ ತೆಗೆದುಕೊಂಡೆ.

ಅವರು ನನ್ನ ಕೈ ತಡೆದರು.

"ಇರ್ಲಿ ಬಿಡು," ಎಂದರು ಮೆಲ್ಲಗೆ. "ಅತ್ತು ಎಷ್ಟೋ ದಿನ ಆಗಿತ್ತು."

ನಾನು ಟಿಶ್ಯೂ ಕೆಳಗಿಟ್ಟು, ಇನ್ನೊಂದು ಕಣ್ಣಿಗೂ ಹನಿ ಹಾಕಿದೆ.